ಹೆಸರಿಡುವ ಊಟ

ಅಥೆನ್ಸಿನಲ್ಲಿ ಬೇಡದ ಕೂಸನ್ನು ಮಡಕೆಯಲ್ಲಿಟ್ಟು ಊರಾಚೆಯ ತಿಪ್ಪೆಯಲ್ಲಿ ಬಿಟ್ಟುಬರುತ್ತಾರೆ. ಗೊತ್ತಿಲ್ಲವೆನ್ನುವವರು ಸುಳ್ಳು ಹೇಳುತ್ತಾರೆ. ತತ್ವಜ್ಞಾನಿ ಅಮೀನಿಯಸ್ ಮಲಗುವುದು ಆ ತಿಪ್ಪೆಯ ಪಕ್ಕದಲ್ಲೇ. ಹರಕು ಕಂಬಳಿ ಹೊದ್ದು, ಹಸಿ ಈರುಳ್ಳಿ ಕಡಿಯುತ್ತಾ ಪೇಟೆ ಸುತ್ತುತ್ತಾನೆ. ಯಾರಾದರೂ ನ್ಯಾಯದ ಬಗ್ಗೆ ಭಾಷಣ ಶುರುಮಾಡಿದರೆ ಎದುರಿಗೇ ನಿಂತು ಗಟ್ಟಿಯಾಗಿ ತೇಗುತ್ತಾನೆ. ಹೆಣ್ಣು ಹುಟ್ಟಿತೆಂದು ಯಾರ ಬಾಗಿಲಿಗೆ ಉಣ್ಣೆ ಕಟ್ಟಿದರೂ ಅವನಿಗೆ ಗೊತ್ತು, ಬಿಚ್ಚಿದರೂ ಗೊತ್ತು. ಮೊನ್ನೆ ಎಣ್ಣೆ ವ್ಯಾಪಾರಿ ನಿಕೋನನನ್ನು ನಡುಬೀದಿಯಲ್ಲಿ ತಡೆದು ಕೇಳಿದ: "ಏನ್ ಯಜಮಾನ್ರೇ, ಉಣ್ಣೆ ಬಿಚ್ಚಿಬಿಟ್ರಿ, ಹೆಸರಿಡೋ ಊಟ ಯಾವತ್ತು?" "ಈ ನಾಯಿಗೆ ಯಾವಾಗ್ಲೂ ಊಟದ್ದೇ ಧ್ಯಾನ. ಮಗು ಹೋಯ್ತು ಕಣಯ್ಯಾ, ದಾರಿ ಬಿಡು," ಎಂದ ನಿಕೋನ್. "ತಾನಾಗೇ ಹೋಯ್ತೋ, ನೀವೇ ಹೊತ್ಕೊಂಡು ಹೋದ್ರೋ?" ಸುತ್ತ ನಿಂತವರು ಹೊಟ್ಟೆ ಹಿಡಿದು ನಕ್ಕರು, ಊಟಕ್ಕೆ ಬಾಯಿಬಿಡುವ ಹುಚ್ಚನೆಂದೇ ಎಲ್ಲರ ಲೆಕ್ಕ. ದಿನಾ ಬೆಳಗಾಗುತ್ತಲೇ ಆ ಹುಚ್ಚ ತಿಪ್ಪೆಯಲ್ಲಿ ಮಂಡಿಯೂರಿ, ಒಂದೊಂದು ಮಡಕೆಗೂ ಕಿವಿಯಿಟ್ಟು ಆಲಿಸುವುದನ್ನು ಅವರು ಕಂಡಿಲ್ಲ. ಅಂದು ನಿಕೋನನ ಅಂಗಡಿಯ ಎಣ್ಣೆ ನಾರುವ ಮಡಕೆಯೊಂದರಲ್ಲಿ ಸದ್ದಿರಲಿಲ್ಲ. ಅದನ್ನು ಹೂತು, ಕೈಯ ಮಣ್ಣನ್ನೂ ತೊಳೆಯದೆ, ಅವನು ನೇರ ಪೇಟೆಗೆ ಬಂದಿದ್ದ. ನೀವು ನಗಬೇಡಿ, ನಿಮ್ಮ ಬೀದಿಯಲ್ಲಿ ಹೆಸರಿಡುವ ಮೊದಲೇ ಹೆಣ್ಣುಮಗು ಕಾಣೆಯಾದ ಮನೆಯ ಮುಂದೆ ನಿಂತು, ಊಟ ಯಾವತ್ತೆಂದು ಕೇಳಿ.