ಮೊದಲು ಬರಿ, ಆಮೇಲೆ ಮಾಡು

ಮೊನ್ನೆ ನೆಲಮಂಗಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಲಾರಿಯೊಂದು ಕೀರ್ರೆಂದು ಬ್ರೇಕ್ ಹಾಕಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬಂದ ಬಸ್ಸನ್ನೂ ಹತ್ತದೆ ಬಿಟ್ಟೆ. ಆ ವಾಸನೆ ಬಂದರೆ ನಮ್ಮ ಸೀನಿಯರ್ ಎದುರು ನಿಲ್ಲುತ್ತಾರೆ…

ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಪಾರ್ಸೆಲ್ ಸಾಗಿಸುವ ಬೆಲ್ಟ್ ಇತ್ತು. ಅದನ್ನು ನಡೆಸುವ ಪ್ರೋಗ್ರಾಂ ಬರೆದವರು ನಾವಿಬ್ಬರು. ಅವರು ಆವತಿ ಕಡೆಯವರು, ಕೋಪ ಮೂಗಿನ ತುದಿಯಲ್ಲೇ. ಬೆಲ್ಟಿಗೆ ಏನೇ ಆಜ್ಞೆ ಕೊಡುವ ಮುಂಚೆ ಆಪರೇಟಿಂಗ್ ಸಿಸ್ಟಮ್‌ನ ಟ್ರೇಸ್ ಫಂಕ್ಷನ್ ಕರೆದು, ಯಾರು, ಯಾವಾಗ, ಏನು ಮಾಡಲು ಹೊರಟಿದ್ದಾರೆ ಅಂತ ದಾಖಲೆ ಪುಸ್ತಕದಂಥ ಲಾಗ್‌ನಲ್ಲಿ ಒಂದು ಸಾಲು ಬರೆಸಬೇಕು ಅನ್ನೋದು ಅವರ ಕಟ್ಟಪ್ಪಣೆ. ಸ್ಟಾಪ್ ಭಾಗ ಅವರದು, ಹಾಗೇ ಬರೆದಿದ್ದರು. ಸ್ಟಾರ್ಟ್ ಭಾಗ ನನ್ನದು. ಆಗದ ಕೆಲಸಕ್ಕೆ ಸಾಲು ಯಾಕೆ ಅಂತ ನಾನು ಕೆಲಸ ಮುಗಿದ ಮೇಲೆ ಬರೆಯುವಂತೆ ಮಾಡಿಟ್ಟಿದ್ದೆ. ಅದನ್ನು ನೋಡಿದ ದಿನ ತಲೆಗೆ ರಪ್ಪನೆ ಬಿಟ್ಟರು.

"ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು! ಲೇ, ಮಧ್ಯದಲ್ಲೇ ಮಿಷಿನ್ ಸತ್ರೆ ಯಾರ್ ಕಣೋ ಸಾಕ್ಷಿ? ಮೊದ್ಲು ಬರಿ, ಆಮೇಲೆ ಮಾಡು."

ಎಲ್ಲರ ಮುಂದೆ ಹೊಡೆದರಲ್ಲ ಅನ್ನೋ ಉರಿಗೆ, ಬೇಕಂತಲೇ ತಿದ್ದದೆ ಬಿಟ್ಟೆ.

ವಾರ ಕಳೆದಿರಲಿಲ್ಲ. ಮಟಮಟ ಮಧ್ಯಾಹ್ನ ಬೆಲ್ಟ್ ನಿಂತಿತು. ಹೊರಗೆ ಲಾರಿಗಳ ಹಾರನ್ನು, ಒಳಗೆ ಮ್ಯಾನೇಜರನ ಕಿರುಚಾಟ. ಮೇಲಿನ ಕೋಣೆಯಲ್ಲಿದ್ದ ನಾನು ಯಾಕೆ ನಿಂತಿತು ಅಂತ ಬಗ್ಗಿ ಸಹ ನೋಡದೆ ಸ್ಟಾರ್ಟ್ ಒತ್ತಿದೆ.

ಆ ಕೂಗು… ಸಿಕ್ಕಿಕೊಂಡ ಗೋಣಿದಾರ ಬಿಡಿಸಲು ಸೀನಿಯರ್ ಬೆಲ್ಟ್ ನಿಲ್ಲಿಸಿ ರೋಲರುಗಳ ನಡುವೆ ಕೈ ಹಾಕಿದ್ದರು. ಭುಜದವರೆಗೂ ಎಳೆದುಕೊಂಡಿತ್ತು. ಮೂಳೆ ಮುರಿದ ಸದ್ದು ನನಗೆ ಮೇಲಕ್ಕೇ ಕೇಳಿಸಿತು. ರಬ್ಬರ್ ಬೆಲ್ಟ್ ಸುಟ್ಟು ಹೊಗೆ ಎದ್ದು ಇಡೀ ಗೋದಾಮಿನ ಕರೆಂಟ್ ಹೋಯಿತು. ರಟ್ಟಿನ ಡಬ್ಬಗಳ ಮೇಲೆಲ್ಲ ರಕ್ತ. ನಾಲ್ಕು ಜನ ರಾಡು ಹಾಕಿ ಮೀಟಿ ಬಿಡಿಸಿದೆವು. ಆಸ್ಪತ್ರೆಗೆ ಒಯ್ಯುವಾಗ ಟೋಲ್ ದಾಟುವ ಮೊದಲೇ ಉಸಿರು ನಿಂತಿತ್ತು.

ಮಾರನೇ ದಿನ ಅವರ ಹೆಂಡತಿ ಗೇಟಿಗೆ ಬಂದರು. "ಸ್ಟಾಪ್ ಒತ್ತದೆ ಕೈ ಹಾಕವ್ರೆ ಕಣಮ್ಮಾ, ತಪ್ಪು ಅವರದೇ" ಅಂದ ಮ್ಯಾನೇಜರ್. ನಾನು ಒಳಗೆ ಹೋಗಿ ಲಾಗ್ ತೆರೆದೆ. ಕೊನೆಯ ಸಾಲು ಸೀನಿಯರ್‌ದೇ: ಅವರ ಹೆಸರು, ಸಮಯ, ಸ್ಟಾಪ್. ಕೆಳಗೆ ಏನೂ ಇಲ್ಲ. ಬೆಲ್ಟ್ ಪೂರ್ತಿ ವೇಗ ಹಿಡಿದು ನನ್ನ ಸಾಲು ಬೀಳುವ ಮೊದಲೇ ಕರೆಂಟ್ ಹೋಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಬಚಾವು. ಮ್ಯಾನೇಜರನೂ ಹಿಂದೆ ಬಂದು, "ಸುಮ್ನಿದ್ಬಿಡು ಗುರು" ಅಂದ.

ಆ ಸಾಲನ್ನು ಪ್ರಿಂಟ್ ತೆಗೆದು ಆಕೆಯ ಕೈಗಿಟ್ಟೆ. "ಅಣ್ಣ ಸ್ಟಾಪ್ ಒತ್ತಿದ್ರು ಅಕ್ಕ. ಸ್ಟಾರ್ಟ್ ಒತ್ತಿದ್ದು ನಾನು."

ಆಕೆ ಕೆನ್ನೆಗೆ ಬಾರಿಸಿದರು. ಮತ್ತೆ ಮತ್ತೆ, ಬಳೆ ಒಡೆದು ನನ್ನ ಮುಖ ಕೊಯ್ಯುವವರೆಗೂ. ನಾನು ಕೈ ಅಡ್ಡ ಹಿಡಿಯಲಿಲ್ಲ.

ಕೇಸಾಯಿತು, ಜೈಲೂ ಆಯಿತು. ಈಗ ಬೇರೆ ಕಡೆ ಕೆಲಸ. ಪ್ರತಿ ಹೆಜ್ಜೆಗೂ ಮುಂಚೆ ಟ್ರೇಸ್ ಬರೆಸುತ್ತೇನೆ, ಹುಡುಗರು ನಗುತ್ತಾರೆ. ಆ ಲಾಗ್‌ನಲ್ಲಿ ಮಾತ್ರ ನನ್ನ ಸಾಲು ಇಂದಿಗೂ ಇಲ್ಲ. ಅದನ್ನೇ ಇಲ್ಲಿ ಬರೆಯೋಣ ಅಂತ ಕೂತೆ… ಇದನ್ನೂ ಎಲ್ಲ ಆದ ಮೇಲೇ ಬರೆಯುತ್ತಿದ್ದೇನೆ. ತಲೆಗೊಂದು ಬಿಡಲು ಅವರಿಲ್ಲ.