ಅಜ್ಜಿ ಒತ್ತಿದ ಕ್ಲಚ್ಚು

ಇವತ್ತು ಬೆಳಗಾವಿ ಹತ್ತಿರದ ಮಚ್ಛೆಯ ಗ್ಯಾರೇಜಿನಲ್ಲಿ ನನ್ನ ಕಾರಿನ ಹಳೆಯ ಕ್ಲಚ್ ಆಯಿಲ್ ಕಪ್ಪಗೆ ಡಬ್ಬಿಗಿಳಿಯುವಾಗ ಬಂದ ವಾಸನೆ ನನ್ನನ್ನು ನಾನು ಚಿಕ್ಕವಳಿದ್ದಾಗಿನ ಖಾನಾಪುರದ ನಮ್ಮ ಅಂಗಳಕ್ಕೆ ಎಳೆದೊಯ್ದಿತು.

ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಸೋದರತ್ತೆಗೆ ಅವತ್ತು ಬೆಳಗ್ಗೆಯೇ ನೋವು ಶುರುವಾಗಿತ್ತು. ಬೆಳಗಾವಿಗೆ ಹೊರಡಬೇಕೆಂದರೆ ಅಪ್ಪನ ಕಾರಿನ ಕ್ಲಚ್ ಪೆಡಲ್ ನೆಲಕ್ಕೆ ಕುಸಿದು ಗೇರ್ ಬೀಳಲೊಲ್ಲದು. ಅಪ್ಪ ಕಪ್ಪಾದ ಆಯಿಲ್ ತೆಗೆದು ಹೊಸದು ಹಾಕಿ, ಪೈಪಿನೊಳಗಿನ ಗಾಳಿ ಬಿಡಲು ಕಾರಿನಡಿ ನುಸುಳಿದ. ಗಾಳಿ ಹೊರಬರುವಂತೆ ಮೇಲಿಂದ ಪೆಡಲ್ ಒತ್ತಲು ಒಬ್ಬರು ಬೇಕಿತ್ತು. ಅವ್ವ ಅತ್ತೆಯ ಬಳಿ ಇದ್ದಳು, ನನ್ನ ಕಾಲು ಎಟುಕುತ್ತಿರಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಎಂದೂ ಕೂರದ ಅಜ್ಜಿ ಸೀರೆ ಎತ್ತಿಕಟ್ಟಿ ಸ್ಟಿಯರಿಂಗ್ ಹಿಂದೆ ಕುಳಿತಳು.

“ಯವ್ವಾ, ಒತ್ತಿ ಹಂಗ ಹಿಡಿ. ನಾ ಹೇಳೂತನಕ ಬಿಡಬ್ಯಾಡ.”

“ಹಿಡದೀನಿ. ನೀ ಲಗೂ ಮಾಡಪಾ, ಒಳಗ ನಿನ್ನ ತಂಗಿ ನರಳಾಕತ್ಯಾಳ.”

ನಾನು ಕೋಣೆಗೂ ಕಾರಿಗೂ ಓಡಾಡುತ್ತಲೇ ಇದ್ದೆ. ಹೊರಬರುವ ಆಯಿಲಿನಲ್ಲಿ ಗಾಳಿಗುಳ್ಳೆ ಏಳುವುದು ನಿಲ್ಲುತ್ತಿರಲಿಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕಾಲು ಸೋತ ಅಜ್ಜಿ ಕೈಯಿಂದ ಮೊಣಕಾಲು ಅದುಮತೊಡಗಿದಳು. ಕೊನೆಗೆ ಪೆಡಲ್ ಗಟ್ಟಿಯಾಯಿತು.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಅತ್ತೆಗೆ ಮಗಳು ಹುಟ್ಟಿದಳು. ನೋಡಲು ಬಂದವರಿಗೆಲ್ಲ ಅಜ್ಜಿ, “ಕಾರ್ ನಾನ ತಂದೀನ್ರಿ” ಅನ್ನುತ್ತಿದ್ದಳು. ಕಾರು ಓಡಿಸಿದ ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದ.

ಇವತ್ತು ಗ್ಯಾರೇಜಿನಿಂದಲೇ ಅತ್ತೆಯ ಆ ಮಗಳಿಗೆ ಫೋನು ಮಾಡಿದೆ.

“ಯಾಕ ಅಕ್ಕಾ, ಏನಾತು?” ಅಂದಳು.

“ಏನಿಲ್ಲ, ಸುಮ್ನ ಮಾಡಿದೆ” ಅಂದೆ.