ಅರವತ್ತೊಂದು ಕಿಲೋ

ನನಗೆ ಹದಿನಾರು ತುಂಬಿದ ವರ್ಷ ನಮ್ಮ ಹೊಸಬಾಳೆಯ ಹೆಂಗಸರಿಗೆಲ್ಲ ಆರೋಗ್ಯದ ಸಲಹೆ ಕೊಡುವವಳು ನಾನೇ ಆಗಿದ್ದೆ. ಓದಿದ್ದು ಹತ್ತನೇ ಕ್ಲಾಸು, ಮೈಯಲ್ಲಿ ಮಾಂಸವಿಲ್ಲ, ಬಾಯಿ ಮಾತ್ರ ಜೋರು. ಎಪ್ಪತ್ತರ ದಶಕದ ನಡುವಿನ ಮಾತು. ಶಿರಾಳಕೊಪ್ಪದ ಸಂತೆಗೆ ಹೋದಾಗಲೆಲ್ಲ ಅಮ್ಮ ಒಂದು ವಾರಪತ್ರಿಕೆ ತರುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಜಗಲಿಯಲ್ಲಿ ನಾಲ್ಕಾರು ಹೆಂಗಸರು ಸೇರುತ್ತಿದ್ದರು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೊದಲು ಧಾರಾವಾಹಿ, ಆಮೇಲೆ ಅಡುಗೆ, ಕೊನೆಗೆ ಆರೋಗ್ಯದ ಪುಟ.

ಆ ಬೇಸಿಗೆಯ ಒಂದು ಸಂಚಿಕೆಯಲ್ಲಿ ಹೆಣ್ಣೊಬ್ಬಳು ಎರಡೂ ಕೈ ಮೇಲೆತ್ತಿ ಪಕ್ಕಕ್ಕೆ ಬಾಗಿ ನಗುತ್ತಿದ್ದಳು. ಸೊಂಟ ಒಂದು ಹಿಡಿಯಷ್ಟೂ ಇರಲಿಲ್ಲ.

"ಪಾಪ, ಇವ್ಳಿಗೆ ಬೆನ್ನು ಹಿಡ್ಕಂಡಿದೆಯೇನೆ?" ಎಂದು ಪಕ್ಕದ ಮನೆಯ ದೊಡ್ಡಮ್ಮ ಕೇಳಿದರು.

"ವ್ಯಾಯಾಮ ಮಾಡ್ತಿದಾಳೆ ದೊಡ್ಡಮ್ಮ."

"ನಮ್ಮ ಗದ್ದೆಗೆ ಕಳೆ ಕೀಳಕ್ಕೆ ಬರ್ಲಿ. ಎರಡು ದಿನಕ್ಕೆ ಸರಿ ಹೋಗ್ತಾಳೆ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅಚ್ಚಾದದ್ದನ್ನು ನೋಡಿ ನಗುವುದೆಂದರೇನು! ಚಿತ್ರದ ಕೆಳಗೆ, ಎತ್ತರಕ್ಕೆ ತಕ್ಕ ತೂಕ ಎಷ್ಟಿರಬೇಕು ಎಂಬ ಪಟ್ಟಿ ಇತ್ತು. ಅದಕ್ಕಿಂತ ಹೆಚ್ಚು ತೂಗುವವರ ಕೈಕಾಲಿನ ಚುರುಕು ಬೇಗ ಹೋಗಿಬಿಡುತ್ತದೆ ಎಂದೂ ಬರೆದಿತ್ತು. ಅದನ್ನು ಎರಡೆರಡು ಸಲ, ಮೇಷ್ಟ್ರ ಧ್ವನಿಯಲ್ಲಿ ಓದಿದೆ. ಅಮ್ಮ ಮಾತ್ರ ನಗುವುದನ್ನು ನಿಲ್ಲಿಸಿದಳು.

ಅಮ್ಮನ ಕೈಯ ಚುರುಕು ಅಂದರೆ ಊರಿಗೇ ಗೊತ್ತಿದ್ದ ಸಂಗತಿ. ನಾಟಿಯ ಸಾಲಿನಲ್ಲಿ ತುದಿಗೆ ನಿಲ್ಲುವವಳು ಅವಳೇ. ಅವಳ ಕೈ ಓಡಿದಷ್ಟು ವೇಗಕ್ಕೆ ಉಳಿದವರು ಸಸಿ ಊರಬೇಕು. ಚಿನ್ನ ಬೇಡ, ಸೀರೆ ಬೇಡ, ಆ ಜಾಗವೊಂದನ್ನು ಬಿಟ್ಟುಕೊಡಲು ಮಾತ್ರ ಅವಳು ಯಾವ ಜನ್ಮಕ್ಕೂ ತಯಾರಿರಲಿಲ್ಲ.

ಆ ಸಂಜೆಯೇ ಬಾಗಿಲಿಗೆ ಒರಗಿ ನಿಂತು, "ಅಳತೆ ಮಾಡು" ಎಂದಳು. ನನ್ನ ಶಾಲೆಯ ಸ್ಕೇಲಿನಲ್ಲಿ ಅಳೆದರೆ ಸರಿಯಾಗಿ ಐದಡಿ. ಪಟ್ಟಿಯ ಪ್ರಕಾರ ನಲವತ್ತೆಂಟು ಕಿಲೋ ಇರಬೇಕು. ಇದ್ದದ್ದೆಷ್ಟು ಎಂದು ನೋಡಲು ನಮ್ಮೂರಲ್ಲಿ ಮನುಷ್ಯರನ್ನು ತೂಗುವ ಯಂತ್ರವೆಲ್ಲಿತ್ತು? ಮುಂದಿನ ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗಿ ಸೀದಾ ಮೆಣಸಿನಕಾಯಿ ಮಂಡಿಗೆ ನುಗ್ಗಿದಳು. ನಮ್ಮ ಒಣಮೆಣಸಿನಕಾಯಿ ಕೊಳ್ಳುತ್ತಿದ್ದ ಮಂಡಿಯ ಸಾಬರು ಹಳೆಯ ಪರಿಚಯ.

"ಸಾಬ್ರೆ, ನನ್ನನ್ನೊಂದ್ಸಲ ತೂಗಿ."

"ನಿಮ್ಮನ್ನಾ? ಯಾಕ್ರೀ ಅಮ್ಮಾರೆ, ಮೆಣಸಿನಕಾಯಿ ಖಾಲಿ ಆತೇನ್ರಿ?"

"ಪೇಪರಲ್ಲಿ ಬರ್ದಿದಾರೆ. ತೂಗ್ರಿ ಸುಮ್ನೆ."

ಅಮ್ಮ ಸೆರಗು ಬಿಗಿದು, ಚೀಲಗಳನ್ನಿಡುವ ಹಲಗೆಯ ಮೇಲೆ ನಿಂತಳು. ಮೆಣಸಿನ ಘಾಟಿಗೆ ಎರಡು ಸಲ ಸೀನಿದಳು. ಎರಡು ಸಲವೂ ತಕ್ಕಡಿಯ ಪಟ್ಟಿ ಕುಣಿಯಿತು. ಸಾಬರು ತೂಕದ ಗುಂಡು ಸರಿಸಿ, ದಿನವೂ ಕೂಗಿ ಕೂಗಿ ರೂಢಿಯಾದ ಬಾಯಲ್ಲೇ ಕೂಗಿದರು: "ಚೀಲದ್ದು ಒಂದ್ ಕಿಲೋ ಮುರ್ದು, ಅರವತ್ತು!"

ಅಮ್ಮ ನಿಂತಲ್ಲಿಂದಲೇ ಬಗ್ಗಿ ನೋಡಿದಳು. "ನನ್ನ ಮೈಮೇಲೆ ಚೀಲ ಎಲ್ಲಿದೆ ಸಾಬ್ರೆ? ನಂಗೆ ಅಕ್ಷರ ಬರಲ್ಲ, ಅಂಕಿ ಬರುತ್ತೆ. ಅರವತ್ತೊಂದಿದೆ. ಇದ್ದಿದ್ದು ಇದ್ದಂಗೆ ಹೇಳಿ."

ಮೆಣಸಿನಕಾಯಿಗಾಗಿ ವರ್ಷವೂ ಆಡುತ್ತಿದ್ದ ಜಗಳವೇ ಅದು. ಈ ಸಲ ಮಾತ್ರ ಅವಳು ತನ್ನ ವಿರುದ್ಧವೇ ಜಗಳವಾಡಿ ಗೆದ್ದಳು. ಹದಿಮೂರು ಕಿಲೋ ಹೆಚ್ಚು!

ಅಂದಿನಿಂದ ರಾತ್ರಿಯೂಟ ಬಂದ್. ಬೆಳಗಿನ ಅಕ್ಕಿರೊಟ್ಟಿ ಮೂರರಿಂದ ಒಂದಕ್ಕಿಳಿಯಿತು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಅಪ್ಪ ಗೊಣಗಿದರೆ, "ನಿಮಗೇನ್ ಗೊತ್ತು, ಮಗಳು ಓದಿದಾಳೆ" ಎನ್ನುತ್ತಿದ್ದಳು. ನಾನೋ, ಬೀಗಿದ್ದೇ ಬೀಗಿದ್ದು. ಕಡ್ಡಿ ಕಡ್ಡಿ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ನನ್ನ ಮೈಯೇ ಸರಿಯಾದ ಮೈ ಎಂದು ಪತ್ರಿಕೆ ಹೇಳಿತ್ತಲ್ಲ!

ಮಳೆ ಹಿಡಿದು ನಾಟಿ ಶುರುವಾಯಿತು. ಮೊದಲ ದಿನ ಬುತ್ತಿ ಹೊತ್ತು ಗದ್ದೆಗೆ ಹೋದೆ. ನಾಟಿ ಮಾಡುವವರು ಊರುತ್ತಾ ಹಿಂದಕ್ಕೆ ಸರಿಯುತ್ತಾರೆ. ಎಲ್ಲರೂ ಹಿಂದಿನ ಬದುವಿಗೆ ಹೋಗಿ ಮುಟ್ಟಿದ್ದರು. ನಡುಗದ್ದೆಯಲ್ಲಿ ಅಮ್ಮ ಒಬ್ಬಳೇ ಉಳಿದು ಸಸಿ ಊರುತ್ತಿದ್ದಳು, ಅವಳ ಬೆನ್ನ ಹಿಂದೆ ಅವಳ ಪಾಲಿನ ಪಟ್ಟಿ ಮಾತ್ರ ಬರಿ ಕೆಸರು. "ಏನೇ, ಪೇಪರಿನವಳು ಸೋತಳಲ್ಲೇ!" ಎಂದು ಯಾರೋ ಕೂಗಿದರು. ಅಮ್ಮ ನಕ್ಕಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ಉಣಬಡಿಸಿದ್ದು ಪುಸ್ತಕದ ಬದನೆಕಾಯಿಯನ್ನು.

ಅಂದು ಸಂಜೆ ಹೊಸ ಸಂಚಿಕೆ ಹಿಡಿದು ಅಮ್ಮನ ಪಕ್ಕ ಕೂತೆ. ಧಾರಾವಾಹಿಯ ಪುಟವನ್ನೇ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದೆ: "ತಿದ್ದುಪಡಿ. ಹಿಂದೆ ಕೊಟ್ಟ ಪಟ್ಟಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಮಾತ್ರ. ಗದ್ದೆಯಲ್ಲಿ ದುಡಿಯುವ ಐದಡಿಯ ಹೆಂಗಸು ಅರವತ್ತೊಂದು ಕಿಲೋ ಇರಲೇಬೇಕು."

ಅಮ್ಮ ಹಾಳೆಯ ಮೇಲೆ ಬಾಗಿ, ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಸರಿಯಾಗಿ ಅರವತ್ತೊಂದೇ ಅಂತ ಬರ್ದಿದಾರಾ?"

"ಹೂಂ."

ಎದ್ದು ಒಳಗೆ ಹೋಗಿ ಎರಡು ರೊಟ್ಟಿ ಸುಟ್ಟುಕೊಂಡು ತಿಂದಳು. ಮುಂದಿನ ವರ್ಷದ ನಾಟಿಗೆ ಮತ್ತೆ ತುದಿಗೆ ಅವಳೇ ನಿಂತಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ದಶಕ ಮುಗಿಯುವ ಮುಂಚೆ ನನಗೆ ಮದುವೆಯಾಗಿ, ಮೊದಲ ಬಾಣಂತನಕ್ಕೆ ಹೊಸಬಾಳೆಗೆ ಬಂದೆ. ಜೋಲು ಬಿದ್ದ ನನ್ನ ಹೊಟ್ಟೆ ನೋಡಿಕೊಂಡರೆ ಅಳು ಬರುತ್ತಿತ್ತು. ತಲೆದಿಂಬಿನ ಕೆಳಗೆ ಮತ್ತೊಂದು ಪತ್ರಿಕೆ, ಅದರಲ್ಲಿ ಮತ್ತೊಂದು ಪಟ್ಟಿ. ಅಮ್ಮ ತಂದಿಟ್ಟ ತುಪ್ಪದನ್ನವನ್ನು ಪಕ್ಕಕ್ಕೆ ತಳ್ಳಿದೆ.

ಅಮ್ಮ ದಿಂಬಿನ ಕೆಳಗಿನ ಪತ್ರಿಕೆ ಎಳೆದು, ಅದರ ಮೇಲೇ ಕೂತಳು.

"ಅವತ್ತು ನೀನು ತಿದ್ದುಪಡಿ ಅಂತ ಓದಿದ ಹಾಳೇಲಿ ಒಂದು ಅಂಕೀನೂ ಇರ್ಲಿಲ್ಲ ಕಣೆ" ಎಂದಳು.

"ಮತ್ತೆ ಯಾಕೆ ತಿಂದೆ?"

"ಹಸಿವಾಗಿತ್ತು ಮಾರಾಯ್ತಿ. ತಿನ್ನು ಅಂತ ನೀನೇ ಹೇಳ್ಬೇಕಿತ್ತು, ಹೇಳ್ದೆ." ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. "ನಂಗೆ ಓದಕ್ಕೆ ಬರಲ್ಲ, ಬಾಯಲ್ಲೇ ಹೇಳ್ತಿದೀನಿ. ಉಣ್ಣು."